ಮೀಸೆ ಬೋಳಿಸಿದ ಅಕ್ಷರಗಳು

೬ ಜನವರಿ ೨೦೨೫, ಸೋಮವಾರ

ಅತ್ತೆ ಬಂದರು. ಜೊತೆಗೆ ಟ್ರಂಕೂ ಬಂತು. ನಿಜ ಹೇಳಬೇಕೆಂದರೆ ನಾನು ಬೆಳಗಿನಿಂದ ಬಾಗಿಲಲ್ಲಿ ನಿಂತು ಕಾದದ್ದು ಟ್ರಂಕಿಗಾಗಿ. ಈ ದಿನಚರಿಯನ್ನು ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯಲು ಅಡ್ಡಿಯಿಲ್ಲ.

ಅತ್ತೆ ವೀರವ್ವ ಇರುವುದು ಹಿರೇಕೆರೂರಿನಲ್ಲಿ, ದೊಡ್ಡ ಮಗ ಪರಮೇಶಪ್ಪನವರ ಮನೆಯಲ್ಲಿ. ಈಗ ಅವರ ಬಲಗಣ್ಣಿಗೆ ಪೊರೆ ಬೆಳೆದು ಮೋತಿಬಿಂದು ಆಗಿದೆ, ಗುರುವಾರ ಆಪರೇಶನ್. ಅಲ್ಲಿ ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತಿದೆ, ಎಲ್ಲೆಲ್ಲೂ ಸಿಮೆಂಟಿನ ಧೂಳು. ಹಾಗಾಗಿ ಶಿವರಾತ್ರಿಯ ತನಕ ನಮ್ಮ ಹಾನಗಲ್ಲಿನ ಮನೆಯಲ್ಲಿ ಠಿಕಾಣಿ. ನನ್ನ ಗಂಡ ಮಹಾಂತೇಶ ಇದನ್ನು ನನಗೆ ಹೇಳುವಾಗ ಬಹಳ ಮೆತ್ತಗಿನ ದನಿ ತೆಗೆದ. ತನ್ನ ರಿಪೇರಿ ಅಂಗಡಿಯಲ್ಲಿ ಸುಟ್ಟ ಬೋರ್‌ವೆಲ್ ಮೋಟಾರು ತಂದ ಗಿರಾಕಿಗೆ ರಿವೈಂಡಿಂಗ್ ಖರ್ಚು ಹೇಳುವಾಗಲೂ ಇದೇ ದನಿ.

ಅತ್ತೆ ಎಂದರೆ ನನಗೆ ಸ್ವಲ್ಪ ಭಯ, ಬಹಳಷ್ಟು ಕಿರಿಕಿರಿ. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಕನ್ನಡ ಫಾಂಟುಗಳ ಅಕ್ಷರ ಬಿಡಿಸುವುದನ್ನು ಅವರು "ಕುಂತ ಕೆಲಸ" ಅನ್ನುತ್ತಾರೆ. ಬೀಗರ ಮುಂದೆಯೂ ಅಂದಿದ್ದಾರೆ.

ಆದರೆ ಟ್ರಂಕು! ಅತ್ತೆಯ ತಂದೆಯದು ಸವಣೂರಿನಲ್ಲಿ ಛಾಪಖಾನೆ ಇತ್ತು. ಮಗಳ ಮದುವೆಗೆ ಕೊಟ್ಟ ಟ್ರಂಕಿನ ಒಳಮೈಗೆಲ್ಲ, ಪ್ರೆಸ್ಸಿನಲ್ಲಿ ಮಿಕ್ಕ ನಾಟಕದ ಹ್ಯಾಂಡ್‌ಬಿಲ್ಲುಗಳನ್ನು ಅಂಟಿಸಿ ಕಳಿಸಿದ್ದರಂತೆ. ನನ್ನ ಮದುವೆಯಾದ ಹೊಸದರಲ್ಲಿ ಅತ್ತೆ ಸೀರೆ ತೋರಿಸಲೆಂದು ಅದನ್ನು ತೆರೆದಾಗ, ನಾನು ಸೀರೆ ಬಿಟ್ಟು ಮುಚ್ಚಳ ನೋಡುತ್ತ ನಿಂತಿದ್ದೆ. ಅತ್ತೆಯ ತಂದೆಯೇ ಕಟ್ಟಿಗೆಯಲ್ಲಿ ಕೊರೆದ ಅಚ್ಚಿನ ದೊಡ್ಡ ದೊಡ್ಡ ಅಕ್ಷರಗಳು. ಎಲ್ಲ ಕಡೆ ಒಂದೇ ದಪ್ಪ, ತುದಿಯಲ್ಲಿ ಬಾಲವಿಲ್ಲ, ಬಳುಕಿಲ್ಲ, ಸೌತೆಕಾಯಿ ಕತ್ತರಿಸಿದಂತೆ ನೇರ ಅಂಚು. ಆ ಕಾಲದ ನಾಟಕ ಕಂಪನಿಗಳು "ಸವಣೂರ ದಪ್ಪದಾಗ ಹೊಡೀರಿ" ಎಂದೇ ಕೇಳುತ್ತಿದ್ದವಂತೆ. ಆ ಅಚ್ಚುಗಳು ಈಗ ಎಲ್ಲೂ ಇಲ್ಲ. ಇರುವುದು ಟ್ರಂಕಿನೊಳಗೆ ಮಾತ್ರ.

ಧಾರವಾಡದ ಪ್ರಕಾಶಕಿ ನುಜಹತ ಅವರು ಕಣ್ಣು ಮಂಜಾದವರಿಗಾಗಿ ದೊಡ್ಡಕ್ಷರದ ಪುಸ್ತಕಗಳನ್ನು ತರುತ್ತಿದ್ದಾರೆ. ಅದಕ್ಕೊಂದು ಹೊಸ ಅಕ್ಷರವಿನ್ಯಾಸ ಬೇಕು. ಫೆಬ್ರವರಿ ಹದಿನೈದರೊಳಗೆ ಮಾದರಿ ಕಳಿಸಬೇಕು. ಪುಣೆಯವರೊಬ್ಬರೂ ಕಳಿಸುತ್ತಾರಂತೆ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಬೇರೆಯವರ ಫಾಂಟುಗಳ ರಿಪೇರಿ. ಒಂದರ ಮೇಲೂ ನನ್ನ ಹೆಸರಿಲ್ಲ. ಈ ಸಲವೂ ಆಗದಿದ್ದರೆ ಜೀವನಪೂರ್ತಿ ಕಂಡವರ ಅಕ್ಷರಗಳ ಮೂಗು ಒರೆಸುತ್ತ ಇರುತ್ತೇನೆ ಎಂದು ನಿಜಕ್ಕೂ ಹೆದರಿಕೆಯಾಗಿದೆ.

೭ ಜನವರಿ, ಮಂಗಳವಾರ

ಅತ್ತೆ ಜಳಕಕ್ಕೆ ಹೋದಾಗ ಟ್ರಂಕಿನ ಫೋಟೋ ತೆಗೆಯೋಣವೆಂದುಕೊಂಡೆ. ತಳದ ಹ್ಯಾಂಡ್‌ಬಿಲ್ಲು ಸಿಗಬೇಕಾದರೆ ಸೀರೆ ಎಲ್ಲ ಹೊರಗಿಟ್ಟು, ಮೊಬೈಲಿನ ಬ್ಯಾಟರಿ ದೀಪ ಹಚ್ಚಿ, ತಲೆಯನ್ನು ಒಳಗೆ ಹಾಕಬೇಕು. ಅತ್ತೆ ಇಷ್ಟು ಬೇಗ ಜಳಕ ಮುಗಿಸುವವರಲ್ಲ. ಇವತ್ತು ಮುಗಿಸಿದರು.

ಬಾಗಿಲಲ್ಲಿ ನಿಂತು ಅವರು ನೆಲದ ಮೇಲಿನ ಸೀರೆಗಳನ್ನು ನೋಡಿದರು. ನಾನೇ ತಲೆ ಹೊರತೆಗೆದು ಗಡಬಡಿಸಿ ವಿವರಿಸಿದೆ: ಅಕ್ಷರಕ್ಕೆ ಎರಡು ಥರ, ತುದಿಗೆ ಬಾಲ-ಮೀಸೆ ಇರುವುದು ಒಂದು, ಇಲ್ಲದ್ದು ಒಂದು, ನಾನು ಮಾಡುತ್ತಿರುವುದು ಮೀಸೆ ಇಲ್ಲದ್ದು, ನಿಮ್ಮ ತಂದೆಯವರದೂ ಅದೇ. ಅತ್ತೆ ಒಂದೊಂದೇ ಸೀರೆಯನ್ನು ಎಣಿಸುತ್ತ ಒಳಗಿಟ್ಟರು. ಆಮೇಲೆ, ಮೀಸೆ ಬೋಳಿಸಿದ ಅಕ್ಷರಕ್ಕೆ ಯಾರು ಹೆಣ್ಣು ಕೊಡುತ್ತಾರೆ ಎಂದು ಕೇಳಿದರು. ನಗಬೇಕೋ ಬೇಡವೋ ತಿಳಿಯದೆ ಅಡಿಗೆಮನೆಗೆ ಬಂದೆ.

ಫೋಟೋ ಮಾತ್ರ ಚೆನ್ನಾಗಿ ಬಂದಿವೆ.

೯ ಜನವರಿ, ಗುರುವಾರ

ಹಾವೇರಿಯಲ್ಲಿ ಆಪರೇಶನ್ ಆಯಿತು. ಸುಸೂತ್ರ. ಬರುವಾಗ ದಾರಿಯುದ್ದಕ್ಕೂ ಅತ್ತೆ ಕಾರಿನವನಿಗೆ ರಸ್ತೆಯ ತಗ್ಗು ತೋರಿಸುತ್ತ ಬಂದರು, ಒಂದು ಕಣ್ಣಿಗೆ ಪಟ್ಟಿ ಇದ್ದರೂ.

೧೨ ಜನವರಿ, ಭಾನುವಾರ

ಹನಿ, ಹನಿ, ಹನಿ. ಒಂದು ಬಾಟಲಿ ಎರಡು ತಾಸಿಗೊಮ್ಮೆ, ಇನ್ನೊಂದು ನಾಲ್ಕು ತಾಸಿಗೊಮ್ಮೆ, ಎರಡರ ನಡುವೆ ಅಂತರ ಬಿಡಬೇಕು. ಒಂದು ಅಕ್ಷರದ ಹೊಟ್ಟೆ ಗುಂಡಗಾಗಿ ಇನ್ನೇನು ಕೂತಿತು ಅನ್ನುವಾಗ ಒಳಗಿಂದ ದನಿ: "ಹನಿ ಟೈಮ್ ಆತಲ್ಲ?" ಕಣ್ಣು ಕಟ್ಟಿದ್ದರೂ ಗಡಿಯಾರ ಅವರ ಹೊಟ್ಟೆಯಲ್ಲೇ ಇದೆ.

ಬಗ್ಗಬಾರದು, ಒಲೆಯ ಮುಂದೆ ಕೂರಬಾರದು, ತಲೆಗೆ ನೀರು ಹಾಕಬಾರದು. ಆದ್ದರಿಂದ ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೇ ಹಾಕಿಸಿಕೊಂಡು ಮಾತಾಡುತ್ತಾರೆ. ಇವತ್ತು ಹ್ಯಾಂಡ್‌ಬಿಲ್ಲುಗಳಲ್ಲಿ ಝ ಎಲ್ಲೂ ಸಿಗುತ್ತಿಲ್ಲವೆಂದು ನಾನು ಗೊಣಗಿದೆ. ಝ ನಮ್ಮಲ್ಲಿ ಇರಲೇ ಇಲ್ಲ ಅಂದರು ಅತ್ತೆ. ಯಾರಾದರೂ ಅಚ್ಚಿಗೆ ತಂದ ಬರಹದಲ್ಲಿ, ಅತ್ತೆಯ ಮಾತಿನಲ್ಲಿ ಮಜಕೂರಿನಲ್ಲಿ, ಝ ಇದ್ದರೆ ಅವರಪ್ಪ ಆ ಶಬ್ದವನ್ನೇ ತೆಗೆದು ಬೇರೆ ಶಬ್ದ ಹಾಕಿಬಿಡುತ್ತಿದ್ದರಂತೆ. ಠ ಕಡಿಮೆ ಬಿದ್ದರೆ ರ ಒತ್ತಿ, ಆಮೇಲೆ ಎಲ್ಲ ಹಾಳೆಗೂ ಪೆನ್ನಿನಿಂದ ಹೊಟ್ಟೆಯಲ್ಲಿ ಚುಕ್ಕಿ ಇಡುವುದು. ಚುಕ್ಕಿ ಇಡುವ ಕೆಲಸ ಅತ್ತೆಯದು, ಆಗ ಅವರಿಗೆ ಹತ್ತು-ಹನ್ನೆರಡು ವರ್ಷ.

ಅಂದರೆ ಝ ನಾನೇ ಹುಟ್ಟಿಸಬೇಕು. ನಕಲು ಮಾಡಲು ಏನೂ ಇಲ್ಲದ ಕಡೆ ನನಗೆ ಧೈರ್ಯ ಸಾಲದು.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಸಿಹಿಗೆ ಮಾದಲಿ ಮಾಡಿದೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಓಣಿಯವರಿಗೆಲ್ಲ ಕುಸುರೆಳ್ಳು ಕೊಟ್ಟರು, ಬಂದೋಬಸ್ತಿಗೆ ಬಂದ ಫೌಜದಾರನ ಹಾಗೆ.

ಮೂಲ ಅಕ್ಷರದಲ್ಲಿ ಒಂದು ಕೊರತೆ ಇದೆ. ಪ, ಸ, ಎ ಇಂಥವುಗಳ ಬಾಯಿ ಬಹಳ ಅಗಲ. ಒಳಗಿನ ಬಿಳಿ ಜಾಗವೂ ಅತಿಯಾಯಿತು. ಹಳ್ಳಿಗಾಡಿನ ಕಳೆ. ನಾನು ಎಲ್ಲವನ್ನೂ ಒಂದಿಷ್ಟು ಬಿಗಿ ಮಾಡಿದ್ದೇನೆ, ಬಾಯಿ ಮುಚ್ಚಿಸಿದ್ದೇನೆ. ಈಗ ನೋಡಿದರೆ ಪೇಟೆಯ ಗತ್ತು ಬಂದಿದೆ. ಮಹಾಂತೇಶನಿಗೆ ತೋರಿಸಿದೆ. ಚಲೋ ಐತಿ ಅಂದ. ಅವನು ಎಲ್ಲಕ್ಕೂ ಚಲೋ ಐತಿ ಅನ್ನುತ್ತಾನೆ, ಮೊನ್ನೆ ಸೀದ ಪಲ್ಲೆಗೂ ಅಂದಿದ್ದ.

೨೦ ಜನವರಿ, ಸೋಮವಾರ

ಇವತ್ತು ನನ್ನ ದಿನ!

ಬೆಳಿಗ್ಗೆ ಥಟ್ಟನೆ ಅನ್ನಿಸಿತು: ಕಣ್ಣು ಮಂಜಾದವರಿಗಾಗಿ ಮಾಡಿದ ಅಕ್ಷರ, ಮನೆಯಲ್ಲೇ ಕಣ್ಣಿನ ರೋಗಿ. ಇಷ್ಟು ದಿನ ಹೊಳೆದಿರಲಿಲ್ಲವಲ್ಲ. ಮಜಕೂರಿಗಾಗಿ ಬಹಳ ಯೋಚಿಸಿ ಲಗ್ನಪತ್ರಿಕೆಯ ಸಾಲುಗಳನ್ನೇ ಆರಿಸಿದೆ. ಛಾಪಖಾನೆಯಲ್ಲಿ ಅತಿ ಹೆಚ್ಚು ಅಚ್ಚಾಗುತ್ತಿದ್ದದ್ದು ಅದೇ, ಮೇಲಾಗಿ ಅದರಲ್ಲಿ ಒತ್ತಕ್ಷರಗಳ ಸುಗ್ಗಿ. ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆಸಿ ಗೋಡೆಗೆ ಹಚ್ಚಿದೆ. ಅತ್ತೆಯನ್ನು ಎದುರು ಗೋಡೆಗೆ ಕೂರಿಸಿ, ಎಡಗಣ್ಣಿಗೆ ಸೆರಗು ಮುಚ್ಚಿಸಿದೆ.

ಓದಿದರು. "ನಮ್ಮ ಕುಲದೇವರ ಕೃಪೆಯಿಂದ" ಎಂದು ಶುರು ಮಾಡಿದವರು "ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ" ತನಕ ಒಂದೇ ಓಟ. ಎಲ್ಲೂ ತಡವರಿಸಲಿಲ್ಲ. ನಾನು ವಿಡಿಯೋ ಮಾಡುತ್ತ ನಿಂತಿದ್ದೆ. ಖುಷಿಗೆ ಅತ್ತೆಯ ಕಾಲಿಗೆ ಬಿದ್ದೆ. ಅವರು ಮುಖ ಆಚೆ ತಿರುಗಿಸಿ, ಇರಲಿ ಇರಲಿ, ಚಹಾ ಇಡು ಅಂದರು.

ವಿಡಿಯೋವನ್ನು ನುಜಹತ ಅವರಿಗೆ ಕಳಿಸಿದ್ದೇನೆ. "ಆಪರೇಶನ್ ಆಗಿ ಹನ್ನೆರಡನೇ ದಿನಕ್ಕೇ" ಎಂದು ದಪ್ಪ ಅಕ್ಷರದಲ್ಲಿ ಬರೆದು.

೨೧ ಜನವರಿ, ಮಂಗಳವಾರ

ನುಜಹತ ಅವರ ಫೋನು. ಅಜ್ಜಿ ಭಾಳ ಚಂದ ಓದ್ಯಾರ್ರಿ, ನಾಲ್ಕು ಮಂದಿಗೆ ತೋರಿಸಿದೆ ಅಂದರು. ಪುಣೆಯವರ ಮಾತೇ ಎತ್ತಲಿಲ್ಲ. ನಾನು ಫೋನಿಟ್ಟು ಕನ್ನಡಿಯ ಮುಂದೆ ನಿಂತು, ಅಕ್ಷರವಿನ್ಯಾಸ: ಮಲ್ಲಿಕಾ, ಎಂದು ಹೇಳಿ ನೋಡಿದೆ. ಕೇಳಲು ಚೆನ್ನಾಗಿದೆ.

೨೪ ಜನವರಿ, ಶುಕ್ರವಾರ

ಮಾನ ಹೋಯಿತು.

ಮಹಾಂತೇಶ ತನ್ನ ಅಂಗಡಿಗೊಂದು ಬೋರ್ಡು ಬೇಕೆಂದು ಪೀಡಿಸುತ್ತಿದ್ದ. ನಿನ್ನೆ ಇದೇ ಅಕ್ಷರದಲ್ಲಿ ಮಾಡಿಕೊಟ್ಟೆ. ಅವನು ಪ್ರಿಂಟ್ ತಂದು, ದೂರದಿಂದ ಹೇಗೆ ಕಾಣುತ್ತದೆ ನೋಡೋಣವೆಂದು ನನ್ನ ಲಗ್ನಪತ್ರಿಕೆಯ ಮೇಲೆಯೇ ಅದನ್ನು ಹಚ್ಚಿದ್ದಾನೆ. ಸೋಮವಾರದಿಂದ ದಿನಾ ಆ ಹಾಳೆ ಓದುವುದು ಅತ್ತೆಗೆ ರೂಢಿಯಾಗಿದೆ, ಸಂಜೆ ಹಾಗೆಯೇ ಬಂದು ಕೂತರು. ಎಡಗಣ್ಣಿಗೆ ಸೆರಗು ಮುಚ್ಚಿಕೊಂಡರು. ಗೋಡೆಯ ಮೇಲಿರುವುದು: "ಇಲ್ಲಿ ಎಲ್ಲ ತರಹದ ಬೋರ್‌ವೆಲ್ ಮೋಟಾರುಗಳನ್ನು ರಿವೈಂಡಿಂಗ್ ಮಾಡಿಕೊಡಲಾಗುವುದು." ಅತ್ತೆ ಅದನ್ನು ದಿಟ್ಟಿಸಿ ನೋಡಿ, ಗಂಟಲು ಸರಿಮಾಡಿಕೊಂಡು, "ನಮ್ಮ ಕುಲದೇವರ ಕೃಪೆಯಿಂದ" ಎಂದು ಶುರು ಮಾಡಿದರು.

ಮಹಾಂತೇಶ ನಕ್ಕು ನಕ್ಕು ನೆಲದ ಮೇಲೆ ಕೂತ. ಅತ್ತೆ ಆಶೀರ್ವದಿಸಬೇಕಾಗಿ ವಿನಂತಿಯ ತನಕ ಹೋಗಿಯೇ ನಿಂತರು. ನನಗೆ ನಗು ಬರಲಿಲ್ಲ.

ಆಮೇಲೆ ತಿಳಿಯಿತು. ಅವರಪ್ಪ ಪ್ರೂಫು ನೋಡುವಾಗ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವ ಕೆಲಸವೂ ಈ ಮಗಳದೇ ಆಗಿತ್ತು. ಎಷ್ಟೋ ಲಗ್ನದ ಸುಗ್ಗಿ ಅದೇ ಸಾಲುಗಳನ್ನು ಓದಿದ್ದಾರೆ. ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ. ನಾನು ಸಾವಿರ ಮಜಕೂರು ಬಿಟ್ಟು ಅದನ್ನೇ ಆರಿಸಿದ್ದೆ.

ಹಂಗಾದರೆ ನಿಮಗೆ ಕಂಡದ್ದೆಷ್ಟು ಅಂತ ಕೇಳಿದೆ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಕರೇ ಅಂದ್ರ ಕರ್ರಗ ಸಾಲ ಸಾಲ ಕಂಡುವು. ನೀ ನೋಡಿದ್ರ ರಿಸಲ್ಟ್ ಕೇಳಾಕ ಬಂದ ಹುಡುಗಿ ಹಂಗ ನಿಂತಿದ್ದಿ. ಕಾಣವಲ್ದು ಅನ್ನಾಕ ಬಾಯಿ ಬರಲಿಲ್ಲವಾ."

ನಾನು ಎದ್ದು ಹಿತ್ತಲಿಗೆ ಹೋದೆ. ಸಿಟ್ಟು ಬಂದಿತ್ತು, ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಆ ವಿಡಿಯೋವನ್ನು ನಾಲ್ಕು ಮಂದಿ ನೋಡಿದ್ದಾರೆ.

೨೫ ಜನವರಿ, ಶನಿವಾರ

ಬರೆಯಲು ಮನಸ್ಸಿಲ್ಲ. ಹನಿ ಹಾಕಿದೆ. ಮಾತಾಡಲಿಲ್ಲ.

೨೭ ಜನವರಿ, ಸೋಮವಾರ

ನಿನ್ನೆಯಿಂದ ಇನ್ನೊಂದು ಹುಳ ತಲೆ ಹೊಕ್ಕಿತ್ತು: ಅತ್ತೆಗೆ ಅಷ್ಟು ದೊಡ್ಡ ಅಕ್ಷರ ಕಾಣುವುದಿಲ್ಲವೆಂದರೆ ಆಪರೇಶನ್ನೇ ಕೆಟ್ಟಿರಬಹುದೇ? ಇದನ್ನು ಮುಚ್ಚಿಡಲೆಂದೇ ಅವರು ಪಾಠ ಒಪ್ಪಿಸಿದರೇ? ಬೆಳಿಗ್ಗೆ ಎದ್ದವಳೇ ಅವರನ್ನು ಬಸ್ಸು ಹತ್ತಿಸಿಕೊಂಡು ಹಾವೇರಿಗೆ ಹೋದೆ. ದಾರಿಯಲ್ಲಿ ನಾನು ನಾಲ್ಕು ಮಾತೂ ಆಡಲಿಲ್ಲ, ಆದರೆ ತಗ್ಗು ಬಂದಾಗಲೆಲ್ಲ ಅವರ ತೋಳು ಹಿಡಿದುಕೊಂಡಿದ್ದೆ. ಕಣ್ಣಿಗೆ ಧಕ್ಕೆ ಆಗಬಾರದಲ್ಲ.

ಡಾಕ್ಟರಮ್ಮ ದೀಪ ಹಾಕಿ ನೋಡಿ, ಗೋಡೆಯ ಮೇಲಿನ ಅಂಕಿಗಳನ್ನು ಓದಿಸಿದರು. ಅತ್ತೆ ಬಲಗಣ್ಣಿನಿಂದ ಕೆಳಗಿನ ಸಣ್ಣ ಸಾಲಿನ ತನಕ ಓದಿದರು. ಕಣ್ಣು ಚೊಕ್ಕ ಆಗೈತಿ, ಹತ್ತಿರದ ಚಸ್ಮಾ ಆಮೇಲೆ ಕೊಡ್ತೇವಿ, ದೂರದ್ದು ಏನೂ ತೊಂದರೆ ಇಲ್ಲ ಅಂದರು ಡಾಕ್ಟರಮ್ಮ.

ಅಂದರೆ ಕಣ್ಣು ಸರಿ ಇದೆ. ಅಕ್ಷರ ಸರಿ ಇಲ್ಲ.

ಮೊದಲು ಜೀವ ಹಗುರಾಯಿತು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಎರಡನೆಯದು ನೆನಪಾಗಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅತ್ತೆ ತಮ್ಮ ಚೀಲದಿಂದ ಸವಣೂರು ಖಾರಾದ ಪೊಟ್ಟಣ ತೆಗೆದು ನನ್ನ ಮಡಿಲಲ್ಲಿಟ್ಟರು. ಇಬ್ಬರೂ ತಿಂದೆವು.

ಮನೆಗೆ ಬಂದು ನುಜಹತ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಬರೆಯಲು ಮೂರು ಸಲ ಕೂತೆ, ಮೂರು ಸಲ ಎದ್ದೆ. "ತಿಳಿಯಿತು. ಹದಿನೈದರವರೆಗೆ ಸಮಯವಿದೆ" ಎಂದು ಉತ್ತರ ಬಂದಿದೆ. ಅಷ್ಟೇ. ಅಜ್ಜಿ ಚಂದ ಓದಿದರು ಅಂದವರ ಮಾತೇ ಇದು ಅನ್ನುವಂತಿಲ್ಲ.

೩೦ ಜನವರಿ, ಗುರುವಾರ

ಒಂದು ಹ್ಯಾಂಡ್‌ಬಿಲ್ಲು ಇದೆ, ಟ್ರಂಕಿನ ಎಡಮೂಲೆಯದು. ಮಸಿ ಹೆಚ್ಚಾಗಿ, ಹಾಳೆಯೂ ಅಗ್ಗದ್ದಾಗಿ, ಅಕ್ಷರಗಳೆಲ್ಲ ನೀರು ಕುಡಿದ ಕಡಲೆಯಂತೆ ಉಬ್ಬಿಕೊಂಡಿವೆ. ಇದು ಕೆಲಸಕ್ಕೆ ಬಾರದೆಂದು ನಾನು ಪಕ್ಕಕ್ಕಿಟ್ಟಿದ್ದೆ. ಇವತ್ತು ಸುಮ್ಮನೆ ನೋಡುತ್ತ ಕೂತಾಗ ಹೊಳೆಯಿತು, ಅಷ್ಟು ಉಬ್ಬಿದ್ದರೂ ನಾನು ಅದನ್ನು ಸಲೀಸಾಗಿ ಓದುತ್ತಿದ್ದೇನೆ. ಪ ಬಾಯಿ ಮುಚ್ಚಿಲ್ಲ. ಎ ಕೂಡ ಮುಚ್ಚಿಲ್ಲ. ಅಷ್ಟಗಲ ಕೊರೆದಿದ್ದೇ ಮಸಿ ನುಗ್ಗಿದರೂ ಬಿಳಿ ಉಳಿಯಲಿ ಎಂದು. ಮಂಜುಗಣ್ಣಿಗೂ ಹೀಗೇ ಕಾಣುತ್ತಿರಬೇಕು, ಕಪ್ಪು ಹರಡಿಕೊಂಡು ಬಿಳಿಯನ್ನು ನುಂಗುವುದು. ನಾನು ಗತ್ತು ಬರಲೆಂದು ಬಾಯಿ ಮುಚ್ಚಿಸಿ ಕೂತಿದ್ದೆ.

ಅತ್ತೆಗೆ ಹೇಳಿದೆ. ಹಂಗೇನಿಲ್ಲ, ನಮ್ಮಪ್ಪನ ಕೈ ದಪ್ಪ ಇತ್ತು, ಸಣ್ಣ ಉಳಿ ಹಿಡಿಯಲು ಬರುತ್ತಿರಲಿಲ್ಲ, ಅದಕ್ಕೇ ಅಗಲ ಕೊರೆದ ಅಂದರು. ಇರಲಿ. ನನ್ನ ಕಾರಣ ನನಗೆ ಸಾಕು.

ಸಂಜೆ ಹೊಸ ಹಾಳೆ ಹಚ್ಚಿದೆ. ಇನ್ನು ಮೇಲೆ ಬಾಯಿಪಾಠದ ಮಜಕೂರು ಬೇಡ. ನಾನೇ ಬರೆದ ಸಾಲು: "ಹಾನಗಲ್ಲಿನ ಸಂತೆಯಲ್ಲಿ ಈ ವಾರ ಬದನೆಕಾಯಿ ಬಲು ಅಗ್ಗ." ಅತ್ತೆ ಮೂರು ಕಡೆ ಎಡವಿದರು. ಆದರೆ ನಿಜವಾಗಿ ಓದಿದರು. ಓದಿ ಮುಗಿಸಿ, ಅಗ್ಗ ಅಲ್ಲ, ನಿನಗೆ ಚೌಕಾಶಿ ಬರುವುದಿಲ್ಲ ಅಂದರು.

೩ ಫೆಬ್ರವರಿ, ಸೋಮವಾರ

ದಿನಕ್ಕೊಂದು ಹಾಳೆ. ಝೆರಾಕ್ಸ್ ಅಂಗಡಿಯವನು ಏನಾದರೂ ಚುನಾವಣೆಗೆ ನಿಂತಿದ್ದೀರಾ ಅಂತ ಕೇಳಿದ.

ಅತ್ತೆ ಎಡವಿದ ಅಕ್ಷರಕ್ಕೆ ಬೆರಳು ತೋರಿಸುತ್ತಾರೆ, ರಾತ್ರಿಯೊಳಗೆ ನಾವು ಅದನ್ನು ಸರಿಪಡಿಸುತ್ತೇವೆ. ಅವರ ಸಲಹೆಗಳನ್ನು ಮಾತ್ರ ಕೇಳಬಾರದು. ಶ್ರೀ ಅಕ್ಷರದ ಸುತ್ತ ಬಳ್ಳಿ ಬೇಕಂತೆ. ಳ ಸೊರಗಿದೆ, ಅದಕ್ಕೆ ಮೈ ಬರಲಿ ಅನ್ನುತ್ತಾರೆ. ಕೊಂಬುಗಳಿಗೆ ಒಂದಿಷ್ಟು ಮೀಸೆ ಬಿಡು, ಯಾರೂ ನೋಡುವುದಿಲ್ಲ ಎಂದು ಇವತ್ತು ಲಂಚ ಕೊಡುವವರ ಹಾಗೆ ಪಿಸುಗುಟ್ಟಿದರು.

ಝ ಮಾತ್ರ ನನ್ನದೇ. ಇವತ್ತು ಮುಗಿಯಿತು. ಅತ್ತೆ ನೋಡಿ, ಇದು ನಮ್ಮಪ್ಪನದಲ್ಲ, ಆದರೆ ನಮ್ಮ ಮನೆಯದೇ ಅನ್ನಿಸುತ್ತದೆ ಅಂದರು. ಈ ಒಂದು ಮಾತಿಗೆ ಸಂಜೆಯೆಲ್ಲ ಹಾಡು ಗುನುಗುತ್ತ ರೊಟ್ಟಿ ಬಡಿದೆ.

೬ ಫೆಬ್ರವರಿ, ಗುರುವಾರ

ಇಂದಿನ ಹಾಳೆ: "ಈ ಮನೆಯಲ್ಲಿ ಒಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಡಬ್ಬಿಯಿಂದ ಬೆಲ್ಲ ಕದ್ದು ತಿನ್ನುತ್ತಾರೆ." ಡಬ್ಬಿಯ ತನಕ ಅತ್ತೆ ನೀರು ಕುಡಿದ ಹಾಗೆ ಓದಿದರು. ಅಲ್ಲಿಂದ ಮುಂದೆ ಏನೂ ಕಾಣುತ್ತಿಲ್ಲವಂತೆ. ಡಬ್ಬಿಯ ಬ್ಬಿ ಬಹಳ ಕಷ್ಟದ ಅಕ್ಷರವಾದರೂ ಓದಿದಿರಿ, ಬೆಲ್ಲ ಯಾಕೆ ಓದಲಾಗದು ಅಂದೆ. ಬೆಲ್ಲ ಸರಿಯಾಗಿ ಬರೆದಿಲ್ಲ ನೀನು ಅಂದರು.

ಆಮೇಲೆ, ನಾಳೆಯ ಹಾಳೆಗೆ ಮಜಕೂರು ನಾನು ಹೇಳುತ್ತೇನೆ, ಬರೆದುಕೋ ಅಂದರು. ಬರೆದುಕೊಂಡೆ: "ಈ ಮನೆಯ ಸೊಸೆ ಸಾರಿಗೆ ಉಪ್ಪು ಹಾಕುವುದನ್ನು ಮರೆತು ಅಕ್ಷರಕ್ಕೆ ಹಾಕುತ್ತಾಳೆ." ಮಹಾಂತೇಶ ಅದನ್ನು ಫೋಟೋ ತೆಗೆದು ಅಂಗಡಿಯವರಿಗೆಲ್ಲ ತೋರಿಸಿದ್ದಾನೆ.

೯ ಫೆಬ್ರವರಿ, ಭಾನುವಾರ

ಜಗಳ. ಪುಸ್ತಕದ ಪುಟದಲ್ಲಿ ಅಗಲ ಅಕ್ಷರ ಹಾಕಿದರೆ ಸಾಲಿಗೆ ಶಬ್ದಗಳೇ ಹಿಡಿಸುವುದಿಲ್ಲ. ಪುಟ ಹೆಚ್ಚಾದರೆ ನುಜಹತ ಒಪ್ಪುತ್ತಾರೋ ಇಲ್ಲವೋ. ಪುಣೆಯವರದು ಖಂಡಿತ ಸಪೂರ ಇರುತ್ತದೆ. ಮತ್ತೆ ಬಿಗಿ ಮಾಡಿಬಿಡೋಣ ಎಂದು ಅರ್ಧ ಅಕ್ಷರಗಳನ್ನು ಒತ್ತಿ ಹಾಳೆ ತೆಗೆದೆ. ಅತ್ತೆ ನೋಡಿದರು, ಓದಲಿಲ್ಲ.

"ಇದು ಮೊದಲಿನ ಸುಳ್ಳ ಐತಿ. ಈ ಸಲ ನಾ ಸುಳ್ಳ ಓದೂದಿಲ್ಲ" ಅಂದು ಎದ್ದು ಹೋದರು.

ನಾನು ಲ್ಯಾಪ್‌ಟಾಪು ಮುಚ್ಚಿದೆ. ಇವರಿಗೇನು ಗೊತ್ತು ಪುಟದ ಲೆಕ್ಕ ಎಂದು ಬೈದುಕೊಂಡೆ. ಸಂಜೆ ಮತ್ತೆ ತೆರೆದು ಅಗಲ ಅಕ್ಷರಗಳನ್ನೇ ವಾಪಸು ಇಟ್ಟೆ.

೧೩ ಫೆಬ್ರವರಿ, ಗುರುವಾರ

ಕಳಿಸಿದೆ. ಮಾದರಿ ಪುಟಗಳ ಜೊತೆ ಹೊಸ ವಿಡಿಯೋ. ಅದರಲ್ಲಿ ಅತ್ತೆ ಇಂದಿನ ಪೇಪರಿನ ಒಂದು ಸುದ್ದಿಯನ್ನು ನನ್ನ ಅಕ್ಷರದಲ್ಲಿ ಓದುತ್ತಾರೆ. ಎರಡು ಕಡೆ ನಿಲ್ಲುತ್ತಾರೆ, ಒಂದು ಕಡೆ ಸುದ್ದಿಯ ಮಂತ್ರಿಯನ್ನು ಬೈಯುತ್ತಾರೆ. ಕತ್ತರಿಸಲಿಲ್ಲ, ಹಾಗೇ ಕಳಿಸಿದೆ.

ಈಗ ಕೈ ಖಾಲಿ. ಆದರೂ ಸಂಜೆ ಹಾಳೆ ಹಚ್ಚಿದೆ, ರೂಢಿಯಾಗಿದೆ. ಅತ್ತೆಯೂ ಬಂದು ಕೂತರು.

೧೯ ಫೆಬ್ರವರಿ, ಬುಧವಾರ

ನುಜಹತ ಅವರ ಫೋನು ಬಂದಾಗ ನಾನು ಅತ್ತೆಯ ಕಣ್ಣಿಗೆ ಹನಿ ಹಾಕುತ್ತಿದ್ದೆ. ಬಾಟಲಿ ಕೆಳಗಿಡಲೂ ತೋಚಲಿಲ್ಲ. ಪುಟ ಹೆಚ್ಚಾಗುತ್ತದೆ, ಗೊತ್ತು ಅಂದರು ನುಜಹತ. ಎರಡೂ ಮಾದರಿಗಳನ್ನು ಕಣ್ಣು ಮಂಜಾದ ತಮ್ಮ ತಂದೆಯ ಕೈಗೆ ಕೊಟ್ಟಿದ್ದರಂತೆ. ಪುಣೆಯವರದನ್ನು ಅವರು ಚಂದ ಐತಿ ಎಂದು ತಿರುಗಿಸಿ ನೋಡಿದರಂತೆ. ನನ್ನದನ್ನು ಓದುತ್ತ ಕೂತರಂತೆ, ಊಟಕ್ಕೆ ಕರೆದರೂ ಏಳಲಿಲ್ಲವಂತೆ. ಮೊದಲ ಪುಸ್ತಕ ನನ್ನ ಅಕ್ಷರದಲ್ಲೇ. ತಲೆಬರಹಕ್ಕೆ ಇನ್ನೂ ದಪ್ಪನೆಯದೊಂದು ಜೋಡಿ ಬೇಕು, ಏಪ್ರಿಲ್‌ನೊಳಗೆ.

ಅತ್ತಿದ್ದೇನೆ. ಅತ್ತೆ ಹನಿ ತುಂಬಿದ ಕಣ್ಣು ಮುಚ್ಚಿಕೊಂಡೇ ಏನಾತು ಏನಾತು ಅನ್ನುತ್ತಿದ್ದರು. ಹೇಳಿದೆ. ಟ್ರಂಕಿನಿಂದ ಒಂದು ಇಳಕಲ್ ಸೀರೆ ತೆಗೆದು ಕೊಟ್ಟು, "ಕುಂತ ಕೆಲಸಕ್ಕ" ಅಂದರು.

ಹೆಸರು ಏನಿಡುವುದು ಎಂದು ನುಜಹತ ಕೇಳಿದ್ದಾರೆ. ವೀರವ್ವ ಎಂದು ಬರೆದು ಕಳಿಸಿದೆ. ಮೂರು ಅಕ್ಷರವೂ ಗುಂಡಗೆ ಚೆನ್ನಾಗಿ ಕೂಡುತ್ತವೆ, ಅದಕ್ಕೇ.

೨೨ ಫೆಬ್ರವರಿ, ಶನಿವಾರ

ನಾಳೆ ಪರಮೇಶಪ್ಪನವರು ಬರುತ್ತಾರೆ. ಅವರ ಮನೆ ಮುಗಿದಿದೆ, ಧೂಳು ಇಲ್ಲ. ಶಿವರಾತ್ರಿಗೆ ಅವ್ವ ಹಿರೇಕೆರೂರಿನಲ್ಲಿ ಇರಬೇಕು, ಪೊರೆ ಬೆಳೆಯುತ್ತಿರುವ ಎಡಗಣ್ಣನ್ನು ಆಮೇಲೆ ಅಲ್ಲಿಂದಲೇ ತೋರಿಸಿದರಾಯಿತು ಅಂತ ಫೋನಿನಲ್ಲಿ ಹೇಳಿದರು. ಒಳ್ಳೆಯದೇ. ನನಗೂ ದಪ್ಪ ಅಕ್ಷರದ ಕೆಲಸವಿದೆ, ಮನೆ ಶಾಂತವಾಗಿರುತ್ತದೆ.

ಇವತ್ತು ಬೆಳಗಿನಿಂದ ಏನೂ ಬಿಡಿಸಲಾಗಲಿಲ್ಲ. ಸೆಖೆ ಶುರುವಾಗಿದೆ.

೨೩ ಫೆಬ್ರವರಿ, ಭಾನುವಾರ

ಪರಮೇಶಪ್ಪನವರು ಹತ್ತಕ್ಕೇ ಬಂದರು. ಮಹಾಂತೇಶ ಸಾಮಾನೆಲ್ಲ ಗಾಡಿಯಲ್ಲಿಟ್ಟ. ನಾನು ಔಷಧಿಗಳನ್ನು ಚೀಲದಲ್ಲಿ ಜೋಡಿಸಿ, ಯಾವುದು ಎಷ್ಟು ಹೊತ್ತಿಗೆ ಎಂದು ಭಾವನವರಿಗೆ ಎರಡು ಸಲ ಹೇಳಿದೆ. ಅವರು ಹೂಂ ಹೂಂ ಅಂದರು, ಕೇಳಿಸಿಕೊಂಡರೋ ಇಲ್ಲವೋ.

ಬೆಳಿಗ್ಗೆ ಎದ್ದಕೂಡಲೇ ಗೋಡೆಗೆ ಹಾಳೆ ಹಚ್ಚಿದ್ದೆ. ದಪ್ಪ ಅಕ್ಷರದ ಮೊದಲ ಪರೀಕ್ಷೆ. ಮಜಕೂರಿಗೆ ವಿಶೇಷ ಅರ್ಥವೇನಿಲ್ಲ, ನನಗೆ ಅದರಲ್ಲಿನ ಕೆಲವು ಒತ್ತಕ್ಷರಗಳು ಬೇಕಾಗಿದ್ದವು. "ಎಡಗಣ್ಣಿನ ಆಪರೇಶನ್ನನ್ನೂ ಇಲ್ಲಿಯೇ ಮಾಡಿಸಬಹುದು. ದಪ್ಪ ಅಕ್ಷರಗಳನ್ನು ಓದಿ ನೋಡುವವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೋಗಬ್ಯಾಡ್ರಿ." ಅತ್ತೆ ದಿನದಂತೆ ಚಹಾ ಹಿಡಿದು ಒಬ್ಬರೇ ಕೂತು ಓದುತ್ತಾರೆ ಅಂದುಕೊಂಡಿದ್ದೆ. ಗಡಿಬಿಡಿಯಲ್ಲಿ ಅವರು ಅತ್ತ ನೋಡಲೇ ಇಲ್ಲ. ಹೋಗಲಿ ಬಿಡು, ಒಳ್ಳೆಯದೇ ಆಯಿತು ಎಂದು ನಾನೂ ಸುಮ್ಮನಾದೆ.

ಒಂದು ಕಾಲಿಗೆ ಚಪ್ಪಲಿ ಹಾಕಿದ ಮೇಲೆ ಅವರಿಗೆ ನೆನಪಾಯಿತು. ಇವತ್ತಿನ ಹಾಳೆ ಓದಲಿಲ್ಲವಲ್ಲ ಎಂದು ವಾಪಸು ಬಂದು ಕುರ್ಚಿಯಲ್ಲಿ ಕೂತರು. ಇಬ್ಬರು ಮಕ್ಕಳೂ ಅಲ್ಲೇ ನಿಂತಿದ್ದಾರೆ. ಅತ್ತೆಗೆ ಮನಸ್ಸಿನಲ್ಲಿ ಓದಿಕೊಂಡು ಗೊತ್ತೇ ಇಲ್ಲ, ಛಾಪಖಾನೆಯಲ್ಲಿ ಕಲಿತ ಗಟ್ಟಿ ಓದು. ಎಡಗಣ್ಣು ಮುಚ್ಚಿಕೊಂಡು ಮೊದಲ ಶಬ್ದ ಓದುತ್ತಿದ್ದಂತೆ ನಾನು ಅಡಿಗೆಮನೆಗೆ ಓಡಿ ಬಂದು ನಲ್ಲಿ ಬಿಟ್ಟೆ. ಆದರೂ ಎಲ್ಲ ಕೇಳಿಸಿತು. ಕೊನೆಯ ಶಬ್ದದ ಹತ್ತಿರ ನಿಂತರು. ಆಮೇಲೆ ಅದನ್ನೂ ಓದಿದರು.

"ಮಲ್ಲಿಕಾ, ಕಡೀ ಶಬ್ದ ಯಾಕ ಅಷ್ಟ ಸಣ್ಣಗ ಬರದಿ?"

ಹಾಳೆಯಲ್ಲಿ ಜಾಗ ಸಾಲಲಿಲ್ಲ ಎಂದು ಒಳಗಿಂದಲೇ ಹೇಳಿದೆ.

"ಮ್ಯಾಲಿನ ಎರಡ ಸಾಲು ಬಿಟ್ಟಿದ್ರ ಜಾಗ ಆಗತಿತ್ತು," ಅಂದರು. ಆಮೇಲೆ ಮಗನ ಕಡೆ ತಿರುಗಿರಬೇಕು. "ಪರಮೇಶಾ, ಚಹಾ ಕುಡದ ಹೋಗಪಾ. ಈ ಕಣ್ಣೂ ಇಲ್ಲೇ ಮುಗಿಸ್ಕೊಂಡ ಬರ್ತೇನಿ."

ಪರಮೇಶಪ್ಪನವರಿಗೆ ಏನಾಯಿತು ಎಂದೇ ತಿಳಿಯಲಿಲ್ಲ. ಚಹಾ ಕುಡಿದು ಹೋದರು. ಮಹಾಂತೇಶ ಸಾಮಾನುಗಳನ್ನು ಮತ್ತೆ ಒಳಗೆ ತರುತ್ತ ನನ್ನ ಕಡೆ ನೋಡಿ ಹಲ್ಲು ಕಿರಿದ. ಅದರಲ್ಲಿ ನಗುವಂಥದ್ದೇನಿತ್ತೋ. ಮತ್ತೆ ಎರಡು ತಾಸಿಗೊಮ್ಮೆ ಹನಿ ಹಾಕುವುದು ಯಾರ ಪಾಲಿಗೆ ಬಂತು, ಅವನ ಪಾಲಿಗಂತೂ ಅಲ್ಲ.

ಮಧ್ಯಾಹ್ನ ಆ ಶಬ್ದವನ್ನು ತಿದ್ದಿ ಮತ್ತೆ ಪ್ರಿಂಟ್ ತೆಗೆಸಿದೆ. ದಪ್ಪ ಅಕ್ಷರದ ಪರೀಕ್ಷೆ ಸರಿಯಾಗಿ ಆಗಬೇಕಲ್ಲ. ಮೇಲಿನ ಸಾಲು ಬಿಟ್ಟೆ, ಅಂಚು ಬಿಟ್ಟೆ, ಇಡೀ ಹಾಳೆಗೆ ಅದೊಂದೇ ಶಬ್ದ ಬಂತು. ಗೋಡೆಗೆ ಹಚ್ಚಿದೆ. ಅತ್ತೆ ಎದುರು ಕೂತು ಓದಿದರು, ಇನ್ನೊಮ್ಮೆ ಓದಿದರು, ಈಗ ಕಾಣತೈತಿ ಅಂದರು.